ಬೇಳೆ ಬೇಯುವ ನೀರು

ನಮ್ಮ ಮನೆಯ ಕಾಂಪೌಂಡ್ ಗೋಡೆಯನ್ನು ತೂರಿಕೊಂಡು ಬೀದಿಯ ಕಡೆಗೆ ಒಂದು ಪೈಪು ಹೋಗಿದೆ. ನಮ್ಮ ಯಜಮಾನರು ಹಾಕಿಸಿದ್ದು. ಕೊಳವೆಬಾವಿಯಲ್ಲಿ ನೀರು ಬಿದ್ದ ವಾರದಲ್ಲೇ, ಇನ್ನೂ ತೆಂಗಿನ ಸಾಲಿಗೆ ನೀರು ಹಾಯಿಸುವ ಮೊದಲೇ, ಗಾರೆಯವನನ್ನು ಕರೆಸಿ ಗೋಡೆಗೆ ತೂತು ಹೊಡೆಸಿದರು. "ಮೊದ್ಲು ಬೀದಿಗಾಗ್ಲಿ, ಆಮೇಲೆ ತೋಟಕ್ಕೆ" ಅಂದರು. ಎರಡು ಕಡೆ ಕೊರೆಸಿ ಬರೀ ಧೂಳು ಕಂಡಿದ್ದ ಮನುಷ್ಯ. ಮೂರನೆಯ ಕಡೆ ನೀರು ಎದ್ದಾಗ ಪಂಚೆ ಎತ್ತಿ ಕಟ್ಟಿ, ಚಿಮ್ಮುವ ನೀರಿನ ಕೆಳಗೇ ನಿಂತು ನೆನೆದಿದ್ದರು. ಅವರು ತೀರಿಕೊಂಡ ಮೇಲೆ ಊರಿಗೆ ಅವರ ನೆನಪು ಅಂತ ಉಳಿದದ್ದು ಆ ಪೈಪು. ನನಗೆ ಜೊತೆ ಅಂತ ಉಳಿದದ್ದೂ ಅದೇ.

ನಮ್ಮದು ಕಣಕಟ್ಟೆ ಹೋಬಳಿಯ ಒಂದು ಚಿಕ್ಕ ಊರು. ನಮಗೆ ಮಕ್ಕಳಿಲ್ಲ. ನಮ್ಮ ಬೀದಿ ಊರಿನ ತುದಿಯಲ್ಲಿ, ಸ್ವಲ್ಪ ಏರಿನ ಮೇಲಿದೆ. ಪಂಚಾಯಿತಿಯವರು ಮನೆಮನೆಗೂ ನಲ್ಲಿ ಹಾಕಿದಾಗ ನಮ್ಮ ಬೀದಿಗೂ ಹಾಕಿದರು. ನಲ್ಲಿ ಬಂತು, ನೀರು ಬರಲಿಲ್ಲ. ಏರು ಹತ್ತುವ ತಾಕತ್ತು ಅದಕ್ಕಿಲ್ಲವಂತೆ. ಹಾಗಾಗಿ ಬೀದಿಯ ಹೆಂಗಸರೆಲ್ಲ ನಮ್ಮ ಗೋಡೆಯ ಪೈಪಿಗೇ ಬರುತ್ತಿದ್ದರು. ಬೆಳಿಗ್ಗೆ ನಾನು ಮೋಟಾರು ಹಾಕಿದೆನೆಂದರೆ ಸಾಕು, ಗೋಡೆಯಾಚೆ ಕಲಕಲ ಶುರುವಾಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಕೊಡಗಳಿಗೆ ಸದ್ದಿಲ್ಲ, ಆದರೆ ಹೊತ್ತು ತರುವವರಿಗೆ ಇದೆಯಲ್ಲ. ಆಚೆ ಅವರು, ಈಚೆ ಕಲ್ಲಿನ ಮೇಲೆ ಕಾಫಿ ಲೋಟ ಹಿಡಿದು ನಾನು. ಯಾರ ಹಸು ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ಬಸ್ಸು ಹತ್ತಿದಳು, ಎಲ್ಲ ಗೋಡೆ ದಾಟಿ ನನ್ನ ಕಿವಿಗೆ ಬೀಳುತ್ತಿತ್ತು. ನಾನೂ ನನ್ನ ಪಾಲಿನ ಒಗ್ಗರಣೆ ಹಾಕುತ್ತಿದ್ದೆ. ಕೊಡಗಳು ತುಂಬಿ ಅವರೆಲ್ಲ ಹೊರಟ ಮೇಲೆ, ಸಂಜೆ ಮತ್ತೆ ಮೋಟಾರು ಹಾಕುವವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಒಂಟಿತನ ಅಂದರೆ ಏನೋ ದೊಡ್ಡ ದುಃಖ ಅಂದುಕೊಂಡಿದ್ದೆ. ಹಾಗೇನಿಲ್ಲ, ಮಧ್ಯಾಹ್ನ ಒಬ್ಬಳೇ ಸೀನಿದರೆ "ಕೃಷ್ಣಾ" ಅನ್ನುವವರು ಯಾರೂ ಇರುವುದಿಲ್ಲ, ಅಷ್ಟೇ. ಆದರೆ ಅದು ದಿನಾ ಇರುತ್ತದೆ.

ನನ್ನ ಕಾಲಕ್ಷೇಪ ಏನೆಂದು ಕೇಳಿದರೆ ಜನ ನಗುತ್ತಾರೆ. ಬೀದಿಯವರೆಲ್ಲ ಧಾರಾವಾಹಿ ನೋಡುವ ಹೊತ್ತಿಗೆ ನಾನು ಮೊಬೈಲಿನಲ್ಲಿ ಸರ್ಕಾರದ ಜಾಲತಾಣಗಳನ್ನು ನೋಡುತ್ತೇನೆ. ನಮ್ಮ ಹೋಬಳಿಗೆ ನಿನ್ನೆ ಎಷ್ಟು ಮಳೆ ಬಿತ್ತು, ನ್ಯಾಯಬೆಲೆ ಅಂಗಡಿಗೆ ಈ ತಿಂಗಳು ಎಷ್ಟು ರಾಗಿ ಬಂತು, ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿ ಯಾವ ದರಕ್ಕೆ ಹೋಯಿತು, ಅಂತರ್ಜಲ ಎಷ್ಟು ಕೆಳಗಿಳಿಯಿತು, ಎಲ್ಲ ಅಲ್ಲಿರುತ್ತದೆ. ಊರುಗಳ ಹೆಸರನ್ನು ಕೆಲವೊಮ್ಮೆ ಎಷ್ಟು ಕೆಡಿಸಿ ಬರೆದಿರುತ್ತಾರೆಂದರೆ ಆ ಊರಿನವರೇ ಓದಿದರೂ ಗುರುತು ಸಿಗದು. ಆದರೂ ಓದುತ್ತೇನೆ. ಬೇರೆಯವರಿಗೆ ಮನೆಮುರುಕ ಅತ್ತೆ ಸೊಸೆಯರಿದ್ದರೆ ನನಗೆ ಮಳೆಯ ವರದಿ.

ಈ ಚಟ ಹತ್ತಿದ್ದು ಬೇಲೂರಿನಲ್ಲಿ. ಅಲ್ಲಿನ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ನಾನು ಬಹಳ ವರ್ಷ ಗುಮಾಸ್ತೆಯಾಗಿದ್ದೆ. ಕಡತಗಳಿಗೆ ಗೆದ್ದಲು ಹಿಡಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆಗ ಜನ ಒಂದು ಕಾಗದದ ನಕಲಿಗಾಗಿ ಅಲೆಯುತ್ತಿದ್ದುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುವ ಮಾತು ಯಾವುದೋ ಕಚೇರಿಯ ಜಗಲಿಯ ಮೇಲೆ ಕೂತವನೇ ಹೇಳಿರಬೇಕು.

ಒಬ್ಬ ರೈತರ ನೆನಪು ಮಾತ್ರ ಹೋಗುವುದಿಲ್ಲ. ಗೆಂಡೆಹಳ್ಳಿ ಕಡೆಯವರು, ವಯಸ್ಸಾದವರು. ಅವರೂರಿನ ಕೆರೆಯ ಏರಿಯನ್ನು ಇಂಜಿನಿಯರೊಬ್ಬರು ಬಂದು ನೋಡಿ ವರದಿ ಬರೆದಿದ್ದರು. ಅದರಲ್ಲಿ ಏನಿದೆ ಎಂದು ತಿಳಿಯಲು ಅವರು ಬರುತ್ತಿದ್ದರು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಸಹಿ ಆಗಬೇಕು, ಅರ್ಜಿ ಸರಿಯಿಲ್ಲ, ಹೀಗೆ ಪ್ರತಿ ಸಲವೂ ಒಂದೊಂದು ಕಾರಣ ಕೇಳಿಕೊಂಡು ಹೋಗುತ್ತಿದ್ದರು. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಅವ್ವಾ, ನಕಲು ಬ್ಯಾಡ. ನೀವೇ ಒಂದ್ಸಲ ಓದಿ ಹೇಳ್ಬುಡಿ, ಕೇಳ್ಕಂಡು ಹೋಯ್ತೀನಿ" ಅಂದರು. ಊಟದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಕೂರಿಸಿ ಓದಿ ಹೇಳಿದೆ. ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ಪುರಾಣ ಕೇಳುವವರಂತೆ ಕೇಳಿದರು. ಏರಿಯ ಒಂದು ಕಡೆ ಮಣ್ಣು ಸಡಿಲವಾಗಿದೆ, ಮಳೆಗಾಲಕ್ಕೆ ಮುಂಚೆ ಆ ಜಾಗಕ್ಕೆ ಜೇಡಿಮಣ್ಣು ತುಂಬಿ ಗಟ್ಟಿ ಮಾಡಬೇಕು, ಇಷ್ಟೇ ಇದ್ದದ್ದು.

"ಇಷ್ಟೇಯಾ?" ಅಂದರು. "ಇದನ್ಯಾಕವ್ವ ಬಚ್ಚಿಟ್ಟಿದ್ರು? ನಾವೇ ನಾಕು ಗಾಡಿ ಮಣ್ಣು ಹೊಡ್ಕಬೋದಿತ್ತಲ್ಲ."

ಯಾರೂ ಬೇಕೆಂದು ಬಚ್ಚಿಟ್ಟಿರಲಿಲ್ಲ. ಕಪಾಟಿನಲ್ಲಿತ್ತು, ಕಪಾಟಿಗೆ ಬೀಗವಿತ್ತು, ಅಷ್ಟೇ. ಆಮೇಲೆ ಕಾಲ ಬದಲಾಗಿ ಅಂಥ ವರದಿಗಳೆಲ್ಲ ಒಂದೊಂದಾಗಿ ಮೊಬೈಲಿಗೇ ಬರತೊಡಗಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ, ಯಾವ ಸಾಹೇಬರಿಗೂ ಕಾಯದೆ, ನಮ್ಮೂರ ಸುದ್ದಿಯನ್ನು ನಾವೇ ಓದಿಕೊಳ್ಳಬಹುದು. ಇದರ ಬೆಲೆ ಗೊತ್ತಾಗಬೇಕಾದರೆ ಕಚೇರಿಯ ಜಗಲಿ ಸವೆಸಿರಬೇಕು.

ಈಗ ನೀರಿನ ವಿಷಯ. ನಮ್ಮ ಕಡೆ ಒಳ್ಳೆಯ ನೀರು ಯಾವುದು ಅಂತ ತೀರ್ಮಾನಿಸುವುದು ತೊಗರಿಬೇಳೆ. ಹೊಸದಾಗಿ ಬಾವಿ ತೋಡಲಿ, ಕೊಳವೆಬಾವಿ ಕೊರೆಸಲಿ, ಮೊದಲು ಆ ನೀರಿನಲ್ಲಿ ಬೇಳೆ ಬೇಯಿಸಿ ನೋಡುತ್ತಾರೆ. ಬೇಳೆ ಹಣ್ಣಾಗಿ ಕರಗಿದರೆ ನೀರು ಗೆದ್ದಿತು. ಬೇಳೆ ಕಣ್ಣು ಬಿಟ್ಟುಕೊಂಡು ಹಾಗೇ ಉಳಿದರೆ ಆ ನೀರು ದನಕ್ಕೆ, ಬಟ್ಟೆಗೆ. ನಮ್ಮ ಯಜಮಾನರ ನೀರಿನಲ್ಲಿ ಬೇಳೆ ಬೆಣ್ಣೆಯಾಗುತ್ತಿತ್ತು. ಸೋಪು ಬೇಗ ನೊರೆ ಬಿಡುತ್ತಿತ್ತು, ಪಾತ್ರೆಯ ತಳಕ್ಕೆ ಬಿಳಿ ಕಟ್ಟುತ್ತಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಶಾಲೆಯ ಪಕ್ಕದಲ್ಲಿ ಪಂಚಾಯಿತಿಯ ತೊಟ್ಟಿ ಇದೆ. ಅದರ ನೀರು ಗಡಸು. ಅದರಲ್ಲಿ ಬೇಳೆ ಹಾಕಿದರೆ ಕುಕ್ಕರು ಕೂಗಿ ಕೂಗಿ ಗಂಟಲು ಕಟ್ಟಿಕೊಳ್ಳಬೇಕು. ಶುದ್ಧ ನೀರಿನ ಘಟಕ ಅಂತ ಒಂದು ಬಂದಿತ್ತು, ಅದು ಕೆಟ್ಟು ಬಾಗಿಲು ಹಾಕಿಕೊಂಡು ನಿಂತಿದೆ. ಹೀಗಾಗಿ ನಮ್ಮ ಪೈಪಿಗೆ ಬೇರೆ ಬೀದಿಯವರೂ ಸೈಕಲ್ಲಿನಲ್ಲಿ ಕೊಡ ಕಟ್ಟಿಕೊಂಡು ಬರುತ್ತಿದ್ದರು. "ನಿಮ್ಮನೆಯವ್ರು ಪುಣ್ಯಾತ್ಮರು ಕಣಕ್ಕ, ಬ್ಯಾಳೆ ಬೇಯೋ ನೀರು ಕೊಟ್ಟೋದ್ರು" ಅನ್ನುತ್ತಿದ್ದರು. ಕೇಳಿ ನನ್ನ ಎದೆ ಉಬ್ಬುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಒಂದು ಸಲ ಮಹಿಳಾ ಸಂಘದ ಇಬ್ಬರು ಹೆಂಗಸರು ಪರೀಕ್ಷೆಯ ಪೆಟ್ಟಿಗೆ, ಬಾಟಲಿಗಳನ್ನು ಹಿಡಿದು ಬಂದರು. ಊರಿನ ಜನ ಕುಡಿಯುವ ನೀರೆಲ್ಲವನ್ನೂ ಪರೀಕ್ಷೆ ಮಾಡಬೇಕಂತೆ, ಖಾಸಗಿ ಬಾವಿಯಾದರೂ ಬಿಡುವಂತಿಲ್ಲವಂತೆ. ಅವರು ಕೇಳುವ ಮೊದಲೇ ನಾನೇ ಬಾಟಲಿ ತುಂಬಿಸಿ ಕೊಟ್ಟೆ, ಕಾಫಿ ಕೊಟ್ಟೆ, ಯಜಮಾನರ ಹೆಸರನ್ನು ಸರಿಯಾಗಿ ಬರೆದುಕೊಳ್ಳಿ ಅಂತ ಎರಡು ಸಲ ಹೇಳಿದೆ. ನಮ್ಮ ನೀರಿಗೆ ಮೊದಲ ಸ್ಥಾನ ಬರುತ್ತದೆ ಅನ್ನುವಷ್ಟು ಧೈರ್ಯ ನನಗೆ.

ಫಲಿತಾಂಶ ಜಾಲತಾಣಕ್ಕೆ ಬಂದದ್ದನ್ನು ಒಂದು ಮಧ್ಯಾಹ್ನ ಊಟ ಮಾಡಿ ಕೂತು ನೋಡಿದೆ. ಜಿಲ್ಲೆ, ತಾಲೂಕು, ಪಂಚಾಯಿತಿ, ಊರು ಅಂತ ಒಂದೊಂದೇ ಒತ್ತುತ್ತಾ ಹೋದರೆ ಕೊನೆಗೆ ನಮ್ಮೂರಿನ ನೀರಿನ ಮೂಲಗಳೆಲ್ಲ ಸಾಲಾಗಿ ಬರುತ್ತವೆ. ಶಾಲೆಯ ಪಕ್ಕದ ತೊಟ್ಟಿಯ ಮುಂದೆ ಹಸಿರು ಗುರುತು. ಗಡಸು ಇದೆ, ಕುಡಿಯಬಹುದು. ಅದರ ಕೆಳಗೆ ನಮ್ಮ ಯಜಮಾನರ ಪೂರ್ತಿ ಹೆಸರು, ಅವರ ತಂದೆಯ ಹೆಸರಿನ ಸಮೇತ. ಅದರ ಮುಂದೆ ಕೆಂಪು. ಫ್ಲೋರೈಡ್ ಮಿತಿಗಿಂತ ಹೆಚ್ಚು, ಕುಡಿಯಲು ಯೋಗ್ಯವಲ್ಲ.

ಮೊಬೈಲನ್ನು ಮಗುಚಿಟ್ಟೆ. ಮತ್ತೆ ಎತ್ತಿ ನೋಡಿದೆ. ಬೇರೆ ಯಾರದ್ದೋ ಹೆಸರು ಇರಬಹುದೆಂದು ಇನ್ನೊಮ್ಮೆ ಓದಿದೆ. ಹೆಸರನ್ನು ಸರಿಯಾಗಿ ಬರೆಯಿರಿ ಅಂತ ನಾನೇ ಹೇಳಿದ್ದೆನಲ್ಲ, ಒಂದು ಅಕ್ಷರವೂ ತಪ್ಪಿಲ್ಲದೆ ಬರೆದಿದ್ದರು. ಆಮೇಲೆ ಅಲ್ಲಿ ಇಲ್ಲಿ ಹುಡುಕಿ ಇಲಾಖೆಯವರ ಇನ್ನೊಂದು ವರದಿ ಓದಿದೆ. ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ಕಡೆ ಮೆದುವಾಗಿರುತ್ತದೆ, ಸುಣ್ಣದ ಅಂಶ ಕಡಿಮೆ ಇರುತ್ತದೆ ಎಂದಿತ್ತು. ಅಂದರೆ ಬೇಳೆ ಬೇಯುತ್ತದೆ. ಮಕ್ಕಳಿಗೆ ಹೊಸ ಹಲ್ಲು ಮೂಡುವ ಮೊದಲೇ ಈ ನೀರು ಹೊಟ್ಟೆಗೆ ಹೋಗುತ್ತಿದ್ದರೆ ಹಲ್ಲು ಕಂದು ಪಟ್ಟೆಯಾಗಿ ಬರುತ್ತದೆ, ಬಹಳ ವರ್ಷ ಕುಡಿದವರ ಮೂಳೆ ಬಿಗಿಯುತ್ತದೆ ಎಂದಿತ್ತು. ನಾವು ಬೆಳ್ಳಗಿರುವುದೆಲ್ಲ ಹಾಲು ಅಂದುಕೊಂಡಿದ್ದೆವು.

ನನಗೆ ತಕ್ಷಣ ನೆನಪಾದದ್ದು ಎದುರು ಮನೆಯ ಹುಡುಗಿ. ಎದುರು ಮನೆಯಾಕೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹೈಸ್ಕೂಲು, ಚೆಲುವೆ, ಬಲು ನಗುವಿನವಳು. ಆದರೆ ನಗು ಬಂದೊಡನೆ ವೇಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಅವರಮ್ಮ ಅದಕ್ಕೆ ಬೈಯುವುದನ್ನು ಗೋಡೆಯಾಚೆಯಿಂದ ಕೇಳಿದ್ದೇನೆ: "ಸರ್ಯಾಗ್ ಹಲ್ ಉಜ್ಜಲ್ಲ, ಅದ್ಕೇ ಹಂಗೆ." ಚಿಕ್ಕವಳಿಗೆ ಇನ್ನೂ ಹಾಲುಹಲ್ಲು, ಮುಂದಿನ ಒಂದು ಆಗಲೇ ಅಲ್ಲಾಡುತ್ತಿತ್ತು. ಬರುವ ಹಲ್ಲು ಹೇಗೆ ಬರುತ್ತದೋ, ಅದು ನಮ್ಮ ಪೈಪಿನ ಮೇಲೆ ನಿಂತಿತ್ತು.

ಆವತ್ತು ಸಂಜೆಯೇ ಕಲ್ಲಿನ ಮೇಲೆ ಕೂರದೆ ಗೇಟು ತೆಗೆದು ಬೀದಿಗೆ ಹೋದೆ. ವಿಷಯ ಹೇಳಿದೆ. ಎದುರು ಮನೆಯಾಕೆ ನಕ್ಕಳು.

"ಅಕ್ಕ, ನೀವು ಆ ಮೊಬೈಲ್ನ ಸ್ವಲ್ಪ ಕೆಳಗಿಡಿ. ಬ್ಯಾಳೆ ಬೇಯೋ ನೀರು ಎಲ್ಲಾರ ಕೆಟ್ಟದ್ದಾಯ್ತದಾ?"

"ಆ ತೊಟ್ಟಿ ನೀರು ಕುಡುದ್ರೆ ಕಿಡ್ನೀಲಿ ಕಲ್ಲಾಯ್ತವೆ. ಪಾತ್ರೆ ತಳ ನೋಡಿದ್ರೆ ಗೊತ್ತಾಗಲ್ವಾ?" ಅಂದಳು ಇನ್ನೊಬ್ಬಳು. "ಸರ್ಕಾರದೋರು ಸರ್ಕಾರದ್ ನೀರೇ ಚೆನ್ನಾಗೈತೆ ಅಂತ ಬರ್ಕಂತಾರೆ ಕಣಕ್ಕ."

ಆ ಮಾತಿಗೆ ಎಲ್ಲರೂ ನಕ್ಕು, ಕೊಡ ತುಂಬಿಕೊಂಡು ಹೋದರು. ನಾನು ಒಳಗೆ ಬಂದು ಕೂತೆ. ನಿಜ ಹೇಳಬೇಕೆಂದರೆ ಮನಸ್ಸಿಗೆ ಸಮಾಧಾನವೇ ಆಯಿತು. ಹೇಳುವುದನ್ನು ಹೇಳಿದ್ದಾಯಿತು, ಕೇಳುವುದು ಬಿಡುವುದು ಅವರಿಗೆ ಸೇರಿದ್ದು, ನಾಳೆ ಬೆಳಿಗ್ಗೆಯೂ ಬರುತ್ತಾರೆ, ಅಂತ ಅನಿಸಿತು. ಆ ಸಮಾಧಾನ ಬಂದದ್ದಕ್ಕೇ ನನಗೆ ನನ್ನ ಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದು ನನ್ನ ಮೇಲೆ ತಿರುಗುವುದು ಅಪರೂಪ.

ಮಾರನೆಯ ದಿನ ಬಸ್ಸು ಹತ್ತಿ ಅರಸೀಕೆರೆಗೆ ಹೋದೆ. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆ ಪುಟವನ್ನು ದೊಡ್ಡದಾಗಿ, ಬಣ್ಣದಲ್ಲಿ ಪ್ರಿಂಟ್ ಮಾಡಿಸಿದೆ. ಅಂಗಡಿಯವನು ಹಾಳೆ ನೋಡಿ, "ಇದ್ರಲ್ಲಿ ನಮ್ಮೂರ್ದೂ ಬರುತ್ತಾ ಮೇಡಂ?" ಅಂತ ಕೇಳಿದ. ನಾನು ಹೇಗೆ ನೋಡಬೇಕೆಂದು ತೋರಿಸಿಕೊಟ್ಟೆ. ಅವನು ಗಿರಾಕಿಗಳನ್ನು ನಿಲ್ಲಿಸಿಕೊಂಡು ತನ್ನೂರು ಹುಡುಕಿ ನೋಡಿದ. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ. ಅಲ್ಲಿಂದ ಬಂದು ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಪೈಪಿನ ಮೇಲೆ ಗೋಡೆಗೆ ಅಂಟಿಸಿದೆ. ಕೆಳಗೆ ನನ್ನ ಕೈಯಾರೆ, "ಬಟ್ಟೆಗೆ, ದನಕ್ಕೆ ಮಾತ್ರ. ಕುಡಿಯಲು, ಅಡುಗೆಗೆ ಬೇಡ" ಅಂತ ಬರೆದೆ. ಯಜಮಾನರ ಹೆಸರು ಅವರದೇ ಗೋಡೆಯ ಮೇಲೆ, ಪಕ್ಕದಲ್ಲಿ ಕೆಂಪು ಗುರುತಿನೊಂದಿಗೆ. "ತಪ್ಪು ತಿಳ್ಕೋಬೇಡಿ" ಅಂತ ಅವರಿಗೆ ಗಟ್ಟಿಯಾಗಿಯೇ ಹೇಳಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ.

ಹೆಂಗಸರು ಹಾಳೆ ನೋಡಿದರು, ಬರುವುದನ್ನು ಬಿಡಲಿಲ್ಲ. "ಬಟ್ಟೆಗೇ ಕಣಕ್ಕ" ಅಂತ ಕಣ್ಣು ಮಿಟುಕಿಸಿ ತುಂಬಿಕೊಳ್ಳುತ್ತಿದ್ದರು. ಅಷ್ಟು ಬಟ್ಟೆ ಒಗೆದಿದ್ದರೆ ನಮ್ಮ ಬೀದಿಯಲ್ಲಿ ಬಣ್ಣವಿರುವ ಸೀರೆಯೇ ಉಳಿಯುತ್ತಿರಲಿಲ್ಲ. ಒಂದು ಸಂಜೆ ಎದುರು ಮನೆಯ ಚಿಕ್ಕವಳು ಆಟದ ನಡುವೆ ಓಡಿ ಬಂದು, ಪೈಪಿನ ಕೆಳಗೆ ಬೊಗಸೆ ಹಿಡಿದು ಗಟಗಟ ಕುಡಿದು, ಮುಖ ಒರೆಸಿಕೊಂಡು, ಗೇಟಿನಲ್ಲಿ ನಿಂತಿದ್ದ ನನ್ನನ್ನು ನೋಡಿ ನಕ್ಕಳು. ಅಲ್ಲಾಡುತ್ತಿದ್ದ ಹಲ್ಲು ಬಿದ್ದುಹೋಗಿತ್ತು. ಆ ಜಾಗ ಖಾಲಿಯಿತ್ತು.

ಒಳಗೆ ಹೋಗಿ ಬೀದಿಯ ಪೈಪಿನ ವಾಲ್ವನ್ನು ತಿರುಗಿಸಿ ನಿಲ್ಲಿಸಿದೆ. ಬೆಳಿಗ್ಗೆ ಪ್ಲಂಬರನನ್ನು ಕರೆಸಿ ಪೈಪಿನ ಬಾಯಿಗೆ ಮುಚ್ಚಳ ಹಾಕಿಸಿದೆ.

ನಮ್ಮ ಕಡೆ ಶತ್ರು ಬಂದರೂ ನೀರು ಇಲ್ಲ ಅನ್ನುವುದಿಲ್ಲ. ಬಾಗಿಲಿಗೆ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಮಾತು. ಅಂಥ ಊರಿನಲ್ಲಿ ನಾನು ಇಡೀ ಬೀದಿಗೆ ನೀರು ನಿಲ್ಲಿಸಿದ್ದೆ. ಗೋಡೆಯಾಚೆ ಖಾಲಿ ಕೊಡ ಹಿಡಿದು ನಿಂತವರು ಆಡಿದ್ದೆಲ್ಲ ಕೇಳಿಸುತ್ತಿತ್ತು, ಕೇಳಿಸಲೆಂದೇ ಆಡಿದ್ದು. "ಗಂಡ ಕೊಟ್ಟೋದ, ಹೆಂಡ್ತಿ ಮುಚ್ಚಿದ್ಳು" ಅಂದಳೊಬ್ಬಳು. "ಕರೆಂಟ್ ಬಿಲ್ಲಿಗೆ ಹೆದ್ರಿ ಸರ್ಕಾರದ್ ಹೆಸ್ರು ಹೇಳ್ತಾವ್ರೆ." ಎದುರು ಮನೆಯಾಕೆಯ ದನಿ ಬೇರೆಯವರಿಗಿಂತ ಜೋರಾಗಿತ್ತು: "ನೀರಿಲ್ಲ ಅನ್ನೋ ಬಾಯಿ ನೋಡಿ. ಅವ್ರು ಇದ್ದಿದ್ರೆ ಹಿಂಗಾಯ್ತಿತ್ತಾ?" ನಾನು ಕಲ್ಲಿನ ಮೇಲೆ ಕೂತು ಕಾಫಿ ಕುಡಿದೆ.

ಮೋಟಾರು ಹಾಕಿದರೆ ತೋಟಕ್ಕೆ ನೀರು ಹೋಗುತ್ತಿತ್ತು, ಗೋಡೆಯಾಚೆ ಸದ್ದಿಲ್ಲ. ಹೆಂಗಸರು ಕೊಡ ಹೊತ್ತು ನಮ್ಮ ಗೇಟಿನ ಮುಂದೆಯೇ ಏರು ಇಳಿದು ಶಾಲೆಯ ಹತ್ತಿರದ ತೊಟ್ಟಿಗೆ ಹೋಗುತ್ತಿದ್ದರು. ಗೇಟು ಬಂದಾಗ ಮಾತು ನಿಲ್ಲಿಸುತ್ತಿದ್ದರು, ದಾಟಿದ ಮೇಲೆ ಶುರು ಮಾಡುತ್ತಿದ್ದರು. ನಾನು ಬಸ್ಸಿಗೆ ಹೋದರೆ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಪಂಚಾಯಿತಿಗೆ ಹೋಗಿ ಏರಿನ ಮೇಲಕ್ಕೆ ನೀರು ಹತ್ತಿಸಿ, ಆ ಕೆಟ್ಟ ಘಟಕ ರಿಪೇರಿ ಮಾಡಿಸಿ ಅಂತ ವರದಿಯ ಜೊತೆ ಅರ್ಜಿ ಕೊಟ್ಟೆ. "ನೋಡೋಣ" ಅಂದರು. ಈ "ನೋಡೋಣ" ನನಗೆ ಹಳೆಯ ಪರಿಚಯ, ನನ್ನ ಸರ್ವೀಸಿನಷ್ಟೇ ಹಳೆಯದು.

ಹಳೇಬೀಡಿನಲ್ಲಿ ನನ್ನ ತಂಗಿ ಇದ್ದಾಳೆ. ವಿಷಯ ಕೇಳಿ "ಬಂದ್ಬಿಡೇ, ನಾಕ್ ದಿನ ಇದ್ದೋಗು" ಅಂದಳು. ಹೋದೆ. ಅವಳ ಮನೆ ತುಂಬಾ ಜನ; ಹೊರಗೆ ದೇವಸ್ಥಾನಕ್ಕೆ ಬರುವ ಬಸ್ಸುಗಳು, ಎಳನೀರು ಮಾರುವವರು. ಸಂಜೆ ಕೆರೆಯ ದಂಡೆಯಲ್ಲಿ ಕೂತಾಗ ತಂಗಿ, "ನಿನಗೆ ಬೇಕಿತ್ತಾ ಇದೆಲ್ಲ? ಓದಿ ಸುಮ್ನಿರೋದಕ್ಕೇನಾಗಿತ್ತು?" ಅಂದಳು. "ಓದಿ ಸುಮ್ಮನಿರೋದಾದ್ರೆ ಕಪಾಟಿನಲ್ಲೇ ಇರ್ಬೋದಿತ್ತಲ್ಲೇ ಅದು" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಎರಡೇ ದಿನಕ್ಕೆ ವಾಪಸ್ಸು ಬಂದೆ. ಅಲ್ಲಿ ಎಲ್ಲರೂ ನನ್ನ ಜೊತೆ ಮಾತಾಡುತ್ತಿದ್ದರು, ಆದರೆ ನನಗೆ ಬೇಕಾಗಿದ್ದದ್ದು ಗೋಡೆಯಾಚೆಯ ಮಾತು.

ಹೀಗೇ ಒಂದು ಬೇಸಿಗೆ ಹೆಚ್ಚುಕಡಿಮೆ ಮುಗಿಯಿತು. ಒಂದು ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ಎದುರು ಮನೆಯಾಕೆ, ಸೊಂಟದ ಮೇಲೆ ತುಂಬಿದ ಕೊಡ. ಒಳಗೆ ಬಂದವಳು ಕೊಡ ಇಳಿಸಲಿಲ್ಲ, ಕೂರಲೂ ಇಲ್ಲ.

"ನಿಮ್ ಮಾತು ನಂಬ್ಲಿಲ್ಲ ಕಣಕ್ಕ, ದಿಟ ಹೇಳ್ತೀನಿ" ಅಂದಳು. "ಗೋಡೆಗಂಟ್ಸಿದ್ ಹಾಳೆನೂ ನಂಬ್ಲಿಲ್ಲ. ನೀವು ಆಪೀಸಲ್ಲಿದ್ದೋರು, ಎಂಥ ಹಾಳೆ ಬೇಕಾರೂ ಮಾಡಿಸ್ಬೋದು ಅಂದ್ಕಂಡೆ."

"ಸರಿ" ಅಂದೆ. ಇನ್ನೇನು ಅನ್ನಲಿ.

"ಮಗಳ ಕೈಲಿ ಮೊಬೈಲಲ್ಲಿ ತೆಗ್ಸಿದೆ. ಮೊದ್ಲು ನಮ್ ತವರೂರು ತೆಗಿ ಅಂದೆ. ಅಲ್ಲಿ ಮಾರಮ್ಮನ ಗುಡಿ ತಾವ ಒಂದು ಬೋರು ಮುಚ್ಚವ್ರೆ, ನೀರು ಕೆಟ್ಟದ್ದು ಅಂತ ನಂಗೊತ್ತು. ಅದನ್ನ ಇವ್ರು ಏನಂತ ಬರದವ್ರೆ ನೋಡನ ಅಂತ. ಕೆಂಪ್ಗೇ ಐತೆ. ಹಂಗಾರೆ ಇದೂ ದಿಟವೇ ಅಂದ್ಕಂಡು ಆಮೇಲೆ ನಮ್ಮೂರ್ದು ತೆಗ್ಸಿದೆ." ಸೊಂಟದ ಕೊಡವನ್ನು ಸರಿಮಾಡಿಕೊಂಡು ಹೇಳಿದಳು: "ಅದ್ರಲ್ಲಿ ಹಲ್ಲಿನ್ ಚಿತ್ರನೂ ಐತೆ. ನನ್ ಮಗಳು ನೋಡಿ ಅತ್ಲು. ಉಜ್ಜಲ್ಲ ಅಂತ ಎಷ್ಟ್ ಹೊಡದಿದೀನಿ ಅವಳ್ನ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಈಕೆ ಓದಿದ್ದು ಕಡಿಮೆ, ಆದರೆ ಪ್ರಮಾಣಿಸಿ ನೋಡಿದ್ದಳು. ನನ್ನನ್ನು ನಂಬಲಿಲ್ಲ ಅಂದದ್ದಕ್ಕೆ ನನಗೆ ಬೇಸರವಾಗಲಿಲ್ಲ. ನನ್ನನ್ನು ನಂಬುವ ಹಂಗು ಅವಳಿಗೆ ಬೇಕಿರಲಿಲ್ಲ, ಅದೇ ನನಗೆ ದೊಡ್ಡದಾಗಿ ಕಂಡಿತು. ಹುಣಸೆಮರದ ಕೆಳಗೆ ಕೂತಿದ್ದ ಆ ರೈತರಿಗೆ ನಾನು ಓದಿ ಹೇಳಬೇಕಾಗಿತ್ತು, ನಾನು ಹೇಳಿದ್ದನ್ನೇ ಅವರು ನಂಬಬೇಕಾಗಿತ್ತು. ಈಕೆಗೆ ಮಗಳಿದ್ದಳು, ಮೊಬೈಲಿತ್ತು, ತವರಿನ ಮುಚ್ಚಿದ ಬಾವಿಯ ನೆನಪಿತ್ತು.

"ಅದಿರ್ಲಿ" ಅಂದಳು. "ನೀವ್ ಯಾವ್ ನೀರು ಕುಡೀತಿದೀರಿ?"

ನಾನು ಅಡುಗೆಮನೆಯ ಕಡೆ ನೋಡಿದೆ. ಬೀದಿಗೆ ನಿಲ್ಲಿಸಿದ್ದೆ, ಅಡುಗೆಮನೆಗೆ ಅದೇ ನೀರು ಬರುತ್ತಿತ್ತು. ಏರು ಇಳಿದು ತೊಟ್ಟಿಗೆ ಹೋಗಿ ಆ ಮುಖಗಳ ನಡುವೆ ನಿಲ್ಲಲು ನನಗೆ ಮನಸ್ಸಿರಲಿಲ್ಲ. ನನಗೊಬ್ಬಳಿಗೆ ಇನ್ನೇನು, ಅವರ ನೀರು, ಇದ್ದಷ್ಟು ದಿನ ಕುಡಿಯೋಣ ಅಂದುಕೊಂಡಿದ್ದೆ. ಮಂಡಿ ಬಿಗಿಯುತ್ತಿತ್ತು, ವಯಸ್ಸು ಅಂದುಕೊಂಡಿದ್ದೆ. ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಅದ್ನೇ ಅಲ್ವಾ" ಅಂದಳು. ಅಡುಗೆಮನೆಗೆ ನುಗ್ಗಿ, ಕೊಡ ಇಳಿಸಿ, ನನ್ನ ತಾಮ್ರದ ಬಿಂದಿಗೆಯ ನೀರನ್ನು ಬಚ್ಚಲಿಗೆ ಸುರಿದಳು. ತನ್ನ ಕೊಡವನ್ನು ಬಿಂದಿಗೆಯ ಜಾಗದಲ್ಲಿಟ್ಟಳು. "ತೊಟ್ಟೀದು. ಕುಡೀರಿ. ಕೊಡ ಆಮೇಲ್ ಕೊಡೀರಂತೆ, ನಂಗೆ ಹೊತ್ತಾಯ್ತು" ಅಂತ ಹೊರಟೇಹೋದಳು. ಗೇಟು ಕೂಡ ಹಾಕಲಿಲ್ಲ.

ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತೆ. ಯಜಮಾನರು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಮನೆ ತುಂಬಾ ಜನ ಇದ್ದರು.

ಮಧ್ಯಾಹ್ನ ಆ ನೀರಿನಲ್ಲಿ ಬೇಳೆಗಿಟ್ಟೆ. ಕುಕ್ಕರು ಕೂಗಿದ್ದೇ ಕೂಗಿದ್ದು, ತೆಗೆದು ನೋಡಿದರೆ ಬೇಳೆ ಬೇಳೆಯಾಗಿಯೇ ಇತ್ತು. ಹಾಗೇ ಒಗ್ಗರಣೆ ಹಾಕಿ, ಮುದ್ದೆ ಮುರಿದು ಉಂಡೆ.

ಮಾರನೆಯ ದಿನ ಕೊಡ ಹಿಂದಿರುಗಿಸಬೇಕಿತ್ತು. ಬೇರೆಯವರ ಪಾತ್ರೆಯನ್ನು ಬರಿದಾಗಿ ಕೊಡಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ, ಒಂದು ಹಿಡಿ ಸಕ್ಕರೆಯೋ ಒಂದು ತೆಂಗಿನಕಾಯಿಯೋ ಹಾಕಿ ಕೊಡುತ್ತೇವೆ. ನಾನು ಆ ಕೊಡವನ್ನೂ ನನ್ನದೊಂದು ಕೊಡವನ್ನೂ ಹಿಡಿದು, ಗೇಟು ಹಾಕಿ, ಏರು ಇಳಿದು ಶಾಲೆಯ ಹತ್ತಿರ ಹೋದೆ. ತೊಟ್ಟಿಯ ಮುಂದೆ ಸಾಲು ಉದ್ದವಿತ್ತು. ನಮ್ಮ ಬೀದಿಯವರೆಲ್ಲ ಅಲ್ಲಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಸಾಲಿನ ಕೊನೆಯಲ್ಲಿ ಎರಡೂ ಕೊಡಗಳನ್ನಿಟ್ಟು, ಬಿಸಿಲಿಗೆ ತಲೆಯ ಮೇಲೆ ಸೆರಗು ಹಾಕಿ ಶಾಲೆಯ ಗೋಡೆಯ ನೆರಳಿನಲ್ಲಿ ದೂರ ನಿಂತೆ. ಎದುರು ಮನೆಯಾಕೆ ಇನ್ನೂ ಬಂದಿರಲಿಲ್ಲ. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ನೆಲ ನೋಡುತ್ತಾ ನಿಂತಿದ್ದೆ. ಸಾಲು ಒಂದಿಷ್ಟು ಕರಗಿ ಮುಂದೆ ಹೋಯಿತು. ತಲೆಯೆತ್ತಿ ನೋಡಿದಾಗ ನಾನು ತಂದ ಎರಡು ಕೊಡಗಳೂ ಇಟ್ಟ ಜಾಗದಲ್ಲಿರಲಿಲ್ಲ. ಯಾರೋ ತಮ್ಮ ಕೊಡದ ಜೊತೆಗೆ ಅವನ್ನೂ ಮುಂದಕ್ಕೆ ಸರಿಸಿದ್ದರು.